ಕೆಲಸ ಯಾರ ಟೇಬಲ್ ಮೇಲಿದೆ?

ದಿನದ ಕೆಲಸಗಳನ್ನು ಪಟ್ಟಿ ಮಾಡಿಕೊಳ್ಳಿ, ಮುಖ್ಯವಾದದ್ದನ್ನು ಮೊದಲು ಮುಗಿಸಿ, ಉಳಿದದ್ದಕ್ಕೆ ಸಮಯ ಗೊತ್ತುಮಾಡಿ. ಈ ಉಪದೇಶಕ್ಕೆ ಈಗ ಬರವಿಲ್ಲ. ಕಲಬುರಗಿಯ ಕೋಚಿಂಗ್ ಕ್ಲಾಸುಗಳಲ್ಲಿ ಸಿಗುತ್ತದೆ, ಬ್ಯಾಂಕು-ಕಂಪನಿಗಳ ತರಬೇತಿಯಲ್ಲಿ ಸಿಗುತ್ತದೆ, ಮೊಬೈಲ್ ತೆರೆದರೆ ಐದು ನಿಮಿಷದ ವಿಡಿಯೊಗಳಲ್ಲಿ ಧಾರಾಳವಾಗಿ ಸಿಗುತ್ತದೆ. ಅದರ ತಳದಲ್ಲಿ ಯಾರೂ ಬಾಯಿಬಿಟ್ಟು ಹೇಳದ ಒಂದು ಊಹೆಯಿದೆ: ಕೆಲಸವೆಲ್ಲ ನಮ್ಮ ಕೈಯಲ್ಲೇ ಇದೆ, ಮುಗಿಯದಿದ್ದರೆ ಅದು ನಮ್ಮ ಸೋಮಾರಿತನ. ಈ ಭಾಗದ ಒಂದು ಸಾಮಾನ್ಯ ಮನೆಯ ಬಾಕಿ ಕೆಲಸಗಳನ್ನು ಎಣಿಸಿ ನೋಡಿದರೆ ಆ ಊಹೆ ನಿಲ್ಲುವುದಿಲ್ಲ. ಪಹಣಿಯಲ್ಲಿ ಹೆಸರು ತಿದ್ದಿಸಲು ಅರ್ಜಿ ಕೊಟ್ಟಾಗಿದೆ, ಅದು ಯಾರದೋ ಟೇಬಲ್ ಮೇಲಿದೆ. ಮಗಳ ವಿದ್ಯಾರ್ಥಿವೇತನದ ಅರ್ಜಿ ಕಾಲೇಜಿನವರು ಮುಂದೆ ಕಳಿಸಬೇಕು. ಬೆಳೆ ವಿಮೆ ಕಂಪನಿಯವರು ಹೊಲ ನೋಡಿ ಹೋಗಿದ್ದಾರೆ, ಹಣ ಬಂದಿಲ್ಲ. ಬೋರ್‌ವೆಲ್ ಮೋಟರ್ ರಿಪೇರಿಗೆ ಹೋಗಿದೆ, ಅಂಗಡಿಯವರು ಸಾಮಾನು ಬರಲಿ ಅಂದಿದ್ದಾರೆ. ಇವುಗಳಲ್ಲಿ ಮನೆಯವರು ಇವತ್ತು ಕೂತು ಮಾಡಿ ಮುಗಿಸಬಹುದಾದ ಕೆಲಸ ಒಂದೂ ಇಲ್ಲ. ಹಾಗಂತ ಇವು ಕೆಲಸಗಳೇ ಅಲ್ಲ ಎನ್ನಲೂ ಆಗದು, ತಲೆ ತಿನ್ನುತ್ತಿರುವುದು ಇವೇ. ಆದ್ದರಿಂದ ನನ್ನ ವಾದ ಇಷ್ಟು: ನಮಗೆ ಬೇಕಾದದ್ದು 'ನಾನು ಮಾಡಬೇಕಾದ ಕೆಲಸ'ಗಳ ಪಟ್ಟಿಗಿಂತ ಹೆಚ್ಚಾಗಿ, ಯಾವ ಕೆಲಸ ಯಾರ ಹತ್ತಿರ ನಿಂತಿದೆ, ಮತ್ತೆ ಯಾವತ್ತು ಕೇಳಬೇಕು ಎಂದು ಹೇಳುವ ಬಾಕಿ ಪಟ್ಟಿ.

ಕಮಲಾಪುರವನ್ನೇ ತೆಗೆದುಕೊಳ್ಳಿ. ಕಲಬುರಗಿ ತಾಲ್ಲೂಕಿನ ಭಾಗವಾಗಿದ್ದ ಊರು 2018ರಲ್ಲಿ ತಾನೇ ತಾಲ್ಲೂಕು ಕೇಂದ್ರವಾಯಿತು. ಆದರೂ ಜಿಲ್ಲಾಧಿಕಾರಿ ಕಚೇರಿ, ಜಿಮ್ಸ್ ಆಸ್ಪತ್ರೆ, ಜಯದೇವ ಆಸ್ಪತ್ರೆ, ವಿಶ್ವವಿದ್ಯಾಲಯ, ಹೈಕೋರ್ಟ್ ಪೀಠ ಎಂದರೆ ಹುಮನಾಬಾದ್ ರಸ್ತೆ ಹಿಡಿದು 35–40 ಕಿಲೋಮೀಟರ್ ದೂರದ ಕಲಬುರಗಿಗೇ ಹೋಗಬೇಕು. ದೂರ ದೊಡ್ಡದಲ್ಲ. ದೊಡ್ಡದು, ಹೋಗಿ ಬರುವುದರಲ್ಲಿ ಮುಗಿದುಹೋಗುವ ದಿನ. 2025–26ರಲ್ಲಿ ಕರ್ನಾಟಕದಲ್ಲಿ ಉದ್ಯೋಗ ಖಾತ್ರಿಯ ದಿನಗೂಲಿ 370 ರೂಪಾಯಿ ಇತ್ತು. ಒಂದು ಜೆರಾಕ್ಸ್ ಪ್ರತಿ ಮರೆತು ಕೌಂಟರಿನಿಂದ ವಾಪಸ್ಸಾದವರು ಕಳೆದುಕೊಳ್ಳುವುದು ಕನಿಷ್ಠ ಅಷ್ಟನ್ನು. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಬಸ್ ಪ್ರಯಾಣ ಉಚಿತವಾಗಿದೆ, ನಿಜ. ಟಿಕೆಟ್ ಉಚಿತವಾಯಿತೇ ಹೊರತು ದಿನ ಉಚಿತವಾಗಲಿಲ್ಲ. ಬೇಸಿಗೆಯಲ್ಲಂತೂ ಲೆಕ್ಕ ಇನ್ನೂ ಬಿಗಿ. ಬಿಸಿಲಿನ ಕಾರಣಕ್ಕೆ ಏಪ್ರಿಲ್, ಮೇ ತಿಂಗಳುಗಳಲ್ಲಿ ಕಲಬುರಗಿ ವಿಭಾಗದ ಸರ್ಕಾರಿ ಕಚೇರಿಗಳ ಸಮಯವನ್ನು ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ಕ್ಕೆ ಬದಲಿಸುವುದು ವಾಡಿಕೆ. ಅದು ಗೊತ್ತಿಲ್ಲದೆ ಮನೆಗೆಲಸ ಮುಗಿಸಿ ಹನ್ನೊಂದರ ಬಸ್ ಹತ್ತಿದವರು ಕಚೇರಿ ಮುಟ್ಟುವ ಹೊತ್ತಿಗೆ ಸಿಬ್ಬಂದಿ ಕಡತ ಕಟ್ಟುತ್ತಿರುತ್ತಾರೆ. ನಗರದ ಉದ್ಯೋಗಿಗೆ ಪಟ್ಟಿ ಉಳಿಸಿಕೊಡುವುದು ನಿಮಿಷಗಳನ್ನು, ಕಮಲಾಪುರದವರಿಗೆ ಪೂರ್ತಿ ದಿನಗಳನ್ನು. ಹೀಗಿರುವಾಗ ಪಟ್ಟಿ ಮಾಡುವುದು ಆಫೀಸಿನವರ ಶೋಕಿ ಎಂಬ ಮಾತನ್ನು ತಿರುಗಿಸಿ ಹೇಳಬೇಕಾಗುತ್ತದೆ.

ಇಂಥ ಬಾಕಿ ಪಟ್ಟಿಯನ್ನು ಹೊರಗಿನಿಂದ ತರಬೇಕಾಗಿಲ್ಲ. ಅದರ ಪಕ್ಕಾ ಮಾದರಿ ಕಲಬುರಗಿಯ ಕೋರ್ಟ್ ಆವರಣದಲ್ಲೇ ಇದೆ: ವಕೀಲರ ಡೈರಿ. ಇಲ್ಲಿ ಹೈಕೋರ್ಟಿನ ಸಂಚಾರಿ ಪೀಠ ಶುರುವಾದದ್ದು 2008ರಲ್ಲಿ, ಕಾಯಂ ಆದದ್ದು 2013ರಲ್ಲಿ. ಜಿಲ್ಲಾ ನ್ಯಾಯಾಲಯಗಳು ಅದಕ್ಕೂ ಎಷ್ಟೋ ಹಿಂದಿನಿಂದ ನಡೆದುಬಂದಿವೆ. ಯಾವ ವಕೀಲರ ಡೈರಿ ತೆರೆದರೂ ಒಂದು ಸಾಲಿನಲ್ಲಿ ಕಾಣುವುದು ಹೆಚ್ಚುಕಮ್ಮಿ ಇಷ್ಟೇ: ಹಿಂದಿನ ತಾರೀಖು, ಕೇಸಿನ ನಂಬರು, ಕಕ್ಷಿದಾರರ ಹೆಸರು, ಪ್ರಕರಣ ಯಾವ ಹಂತದಲ್ಲಿದೆ, ಮುಂದಿನ ತಾರೀಖು. ನ್ಯಾಯಾಧೀಶರು ಮುಂದಿನ ತಾರೀಖು ಹೇಳಿದ ಕೂಡಲೇ ಅದನ್ನು ಇವತ್ತಿನ ಸಾಲಿನ ಕೊನೆಗೆ ಗೀಚಿಕೊಳ್ಳುತ್ತಾರೆ. ಸಂಜೆ ಆಫೀಸಿನಲ್ಲಿ ಜೂನಿಯರ್ ಒಬ್ಬರು ಕೂತು ಆ ಸಾಲನ್ನು ಆ ತಾರೀಖಿನ ಪುಟಕ್ಕೆ ಏರಿಸುತ್ತಾರೆ. ಇಡೀ ವ್ಯವಸ್ಥೆಯ ಗುಟ್ಟು ಇರುವುದು ಈ ಏರಿಸುವುದರಲ್ಲಿ. ಕೇಸು ಇತ್ಯರ್ಥವಾಗುವ ತನಕ ಅದರ ಸಾಲು ಯಾವುದಾದರೂ ಒಂದು ಪುಟದಲ್ಲಿ ಇದ್ದೇ ಇರುತ್ತದೆ, ತಾನಾಗಿ ಮಾಯವಾಗುವ ಹಾಗಿಲ್ಲ. ಇಷ್ಟಾಗಿ, ಕೇಸು ನಡೆಸುವುದು ವಕೀಲರೊಬ್ಬರ ಕೈಯಲ್ಲಿರುವ ಸಂಗತಿಯೇ ಅಲ್ಲ. ಸಾಕ್ಷಿ ಬರಬೇಕು, ಎದುರಿನವರು ತಕರಾರು ಸಲ್ಲಿಸಬೇಕು, ಕೋರ್ಟಿಗೆ ಸಮಯವಿರಬೇಕು. ನೂರಾರು ಕೆಲಸಗಳು ಬೇರೆಯವರ ಕೈಯಲ್ಲಿ ನಿಂತಿರುವಾಗಲೂ ಒಂದೂ ತಪ್ಪಿಹೋಗದಂತೆ ಹಿಡಿದಿಡುವ ಸಾಧನ ಅದು. ಪ್ರಕರಣದ ತಾರೀಖನ್ನು ಈಗ ಇ-ಕೋರ್ಟ್ಸ್ ಆ್ಯಪ್‌ನಲ್ಲೂ ನೋಡಬಹುದು. ಆದರೂ ಡೈರಿ ಹೋಗಿಲ್ಲ. ತಾರೀಖು ಹೇಳುವುದು ಆ್ಯಪ್ ಮಾಡುವ ಕೆಲಸ. ಆ ತಾರೀಖಿಗೆ ಮೊದಲು ಯಾವ ಸಾಕ್ಷಿಗೆ ಫೋನ್ ಮಾಡಬೇಕು ಎಂಬುದು ಡೈರಿಯ ಅಂಚಿನಲ್ಲಿರುತ್ತದೆ.

ಇನ್ನೊಂದು ಮಾದರಿ ಹಳ್ಳಿಯ ಆಶಾ ಕಾರ್ಯಕರ್ತೆಯ ಚೀಲದಲ್ಲಿದೆ. ಲಸಿಕೆಯ ದಿನಕ್ಕೆ ಮೊದಲು ಆಕೆ ತಯಾರಿಸುವ ಡ್ಯೂ ಲಿಸ್ಟಿನಲ್ಲಿ ಮಗುವಿನ ಹೆಸರು, ತಾಯಿಯ ಹೆಸರು, ಯಾವ ಲಸಿಕೆ, ಯಾವಾಗ ಬರಬೇಕಿತ್ತು ಎಂದಿರುತ್ತದೆ. ಪೆಂಟಾ ಲಸಿಕೆ 6, 10, 14ನೇ ವಾರಕ್ಕೆ, ದಡಾರ-ರುಬೆಲ್ಲಾ ಮೊದಲ ಡೋಸು 9 ತಿಂಗಳು ತುಂಬಿದ ಮೇಲೆ. ಬಂದ ಮಗುವಿನ ತಾಯಿ ಕಾರ್ಡಿನಲ್ಲಿ ಮುಂದಿನ ತಾರೀಖು ಬೀಳುತ್ತದೆ, ಬಾರದ ಮಗುವಿನ ಹೆಸರು ಮುಂದಿನ ಸಲದ ಪಟ್ಟಿಗೆ ಹೋಗುತ್ತದೆ. ತವರಿಗೆ ಹೋಗಿದ್ದಾರೆಯೇ, ಜ್ವರವೇ, ಅತ್ತೆ ಬೇಡ ಅಂದರೇ ಎಂಬ ಕಾರಣವೂ ಅನೇಕ ಸಲ ಜೊತೆಗಿರುತ್ತದೆ. ವಕೀಲರ ಡೈರಿ, ಆಶಾ ಪಟ್ಟಿ ಎರಡರಲ್ಲೂ 'ಮುಖ್ಯ', 'ತುರ್ತು' ಎಂಬ ಬಣ್ಣದ ಗುರುತುಗಳಿಲ್ಲ, ದಿನಕ್ಕೆ ಎಷ್ಟು ಕೆಲಸ ಮುಗಿಸಿದೆ ಎಂಬ ಅಂಕವಿಲ್ಲ. ಇರುವುದು ಹೆಸರು, ಹಂತ, ಮುಂದಿನ ತಾರೀಖು. ಮಾರುಕಟ್ಟೆಯ ಆ್ಯಪ್‌ಗಳು ನಮಗೆ ಮಾರುವುದು ಇಲ್ಲಿಲ್ಲದ್ದನ್ನು, ಬಿಟ್ಟುಬಿಡುವುದು ಇಲ್ಲಿರುವುದನ್ನು. ನ್ಯಾಯವಾಗಿ ಹೇಳಬೇಕೆಂದರೆ, 2001ರಲ್ಲಿ ಬಂದು ಜಗತ್ತಿನಾದ್ಯಂತ ಓಡಿದ ಅಮೆರಿಕದ ಡೇವಿಡ್ ಅಲೆನ್ ಅವರ 'ಗೆಟಿಂಗ್ ಥಿಂಗ್ಸ್ ಡನ್' ಪುಸ್ತಕದಲ್ಲಿ ಬೇರೆಯವರಿಂದ ಬರಬೇಕಾದ ಕೆಲಸಗಳಿಗೆ ಪ್ರತ್ಯೇಕ ಪಟ್ಟಿ ಇದೆ. ಆದರೆ ಅಲ್ಲಿ ಅದು ಹಲವು ಪಟ್ಟಿಗಳಲ್ಲಿ ಒಂದು. ನಮ್ಮಲ್ಲಿ ಅದೇ ಮೊದಲ ಪಟ್ಟಿಯಾಗಬೇಕು.

ಇದಕ್ಕೆ ಬರುವ ಮೊದಲ ಆಕ್ಷೇಪ, ನಮ್ಮ ಹಿರಿಯರು ಯಾವ ಪಟ್ಟಿಯೂ ಇಲ್ಲದೆ ಹೊಲ, ಮನೆ, ಮದುವೆ ಎಲ್ಲವನ್ನೂ ತೂಗಿಸಲಿಲ್ಲವೇ ಎಂಬುದು. ತೂಗಿಸಿದರು. ಆದರೆ ನೆನಪು ಅವರ ತಲೆಯೊಂದರಲ್ಲೇ ಇರಲಿಲ್ಲ, ಸುತ್ತಲಿನ ಜಗತ್ತಿನಲ್ಲೂ ಇತ್ತು. ರೋಹಿಣಿ ಮುಗಿದು ಮಿರಗ ಹಿಡಿಯಿತೆಂದರೆ ಬೀಜ ಹದ ಮಾಡಬೇಕೆಂದು ಮೋಡವೇ ಹೇಳುತ್ತಿತ್ತು. ಕಾರಹುಣ್ಣಿಮೆಗೆ ಎತ್ತು, ಎಳ್ಳಮಾವಾಸ್ಯೆಗೆ ಚರಗ, ಹೋಳಿಯ ಬೆನ್ನಿಗೆ ಶರಣಬಸವೇಶ್ವರ ಜಾತ್ರೆ. ಸಾಲದ ಮಾತು, ಸಂಬಂಧದ ಮಾತು, ಜೋಡೆತ್ತಿನ ವ್ಯಾಪಾರ ಇಂಥ ದಿನಗಳಿಗೆ ಗಂಟು ಬಿದ್ದಿರುತ್ತಿದ್ದವು. ಒಬ್ಬರು ಮರೆತರೆ ಊರು ನೆನಪಿಸುತ್ತಿತ್ತು. ಈಗಿನ ಕೆಲಸಗಳಿಗೆ ಅಂಥ ಗುರುತಿಲ್ಲ. ಮುಂಗಾರಿನ ತೊಗರಿಗೆ ವಿಮೆ ಕಟ್ಟಲು ಸಾಮಾನ್ಯವಾಗಿ ಜುಲೈ 31 ಕೊನೆಯ ದಿನ. ಅದನ್ನು ಯಾವ ಮೋಡವೂ ಹೇಳುವುದಿಲ್ಲ. ಆಧಾರ್ ಜೋಡಣೆ, ಇ-ಕೆವೈಸಿ, ಪಿಂಚಣಿದಾರರು ನವೆಂಬರಿನಲ್ಲಿ ಕೊಡಬೇಕಾದ ಜೀವನ ಪ್ರಮಾಣ ಪತ್ರ, ವಾಹನದ ಇನ್ಶೂರೆನ್ಸ್ ನವೀಕರಣ, ಇವು ಒಂದೊಂದು ಮನೆಗೆ ಒಂದೊಂದು ದಿನಕ್ಕೆ ಬರುತ್ತವೆ. ಊರೆಲ್ಲ ಒಟ್ಟಿಗೆ ಮಾಡುವ ಕೆಲಸವಾಗಿದ್ದರೆ ಪಕ್ಕದ ಮನೆ ನೋಡಿ ನೆನಪಾಗುತ್ತಿತ್ತು. ನೆನಪಿನ ಶಕ್ತಿ ಕುಂದಿದೆ ಎಂದು ಹಳಬರು ಗೊಣಗುವುದರಲ್ಲಿ ಅರ್ಧ ನಿಜವಿದೆ. ಕುಂದಿರುವುದು ಶಕ್ತಿಯಲ್ಲ, ನೆನಪಿಸುತ್ತಿದ್ದ ಸಂಗತಿಗಳು.

ತಪ್ಪಿದ ತಾರೀಖಿಗೆ ತೆರುವ ದಂಡ ಎಷ್ಟೆಂದು ರೂಪಾಯಿಯಲ್ಲೇ ಲೆಕ್ಕ ಹಾಕಬಹುದು. ಕಿಸಾನ್ ಕ್ರೆಡಿಟ್ ಕಾರ್ಡಿನ ಅಲ್ಪಾವಧಿ ಬೆಳೆ ಸಾಲಕ್ಕೆ ಬಡ್ಡಿ ಶೇ 7. ಹೇಳಿದ ದಿನದೊಳಗೆ ಕಟ್ಟಿದರೆ ಶೇ 3 ರಿಯಾಯಿತಿ ಸಿಕ್ಕು ಶೇ 4ಕ್ಕೆ ಇಳಿಯುತ್ತದೆ. ಎರಡು ಲಕ್ಷ ಸಾಲ ತೆಗೆದ ರೈತ ಒಂದು ವಾರ ತಡಮಾಡಿದರೂ ವರ್ಷಕ್ಕೆ 6 ಸಾವಿರ ರೂಪಾಯಿಯ ಅನುಕೂಲ ಕೈತಪ್ಪುತ್ತದೆ. ಸಹಕಾರ ಸಂಘಗಳ ಮೂಲಕ ರಾಜ್ಯ ಸರ್ಕಾರ ಕೊಡುವ ಬಡ್ಡಿರಹಿತ ಬೆಳೆ ಸಾಲದ ಮಿತಿ 2023–24ರಲ್ಲಿ 3 ಲಕ್ಷದಿಂದ 5 ಲಕ್ಷಕ್ಕೆ ಏರಿತು. ಅಲ್ಲಿಯೂ ಬಡ್ಡಿರಹಿತ ಎಂಬ ಮಾತು ನಿಂತಿರುವುದು ಸಕಾಲದ ಮರುಪಾವತಿಯ ಮೇಲೆ. ಆಲಿಕಲ್ಲು ಬಿದ್ದು ಅಥವಾ ಹೊಲಕ್ಕೆ ನೀರು ನುಗ್ಗಿ ಬೆಳೆ ಹಾಳಾದರೆ ಫಸಲ್ ಬಿಮಾದಲ್ಲಿ 72 ಗಂಟೆಯೊಳಗೆ ತಿಳಿಸಬೇಕು. ಮೂರು ದಿನ ದಾಟಿದರೆ ಹೊಲದಲ್ಲಿ ನಷ್ಟ ಕಣ್ಣಿಗೆ ರಾಚುವಂತಿದ್ದರೂ ಕಾಗದದಲ್ಲಿ ಅದಕ್ಕೆ ಬೆಲೆಯಿರುವುದಿಲ್ಲ. ಕಮಲಾಪುರದ ಕೆಂಬಾಳೆ ಬೆಳೆಗಾರರ ವಿಷಯ ಇನ್ನೂ ಕಷ್ಟ. ಭೌಗೋಳಿಕ ಗುರುತಿನ ಮಾನ್ಯತೆ ಪಡೆದ ಈ ಬಾಳೆ ಬೇರೆ ತಳಿಗಳಷ್ಟು ಬೇಗ ಕೈಗೆ ಬರುವುದಿಲ್ಲ, ವರ್ಷ ದಾಟಿಸಿ ಕಾಯಿಸುತ್ತದೆ. ಒಂದು ಬೆಳೆ ಎರಡು ಹಣಕಾಸು ವರ್ಷಗಳಿಗೆ ಚಾಚಿಕೊಂಡಾಗ ಗೊಬ್ಬರದ ಉದ್ರಿ, ಸಾಲದ ಕಂತು, ಸಬ್ಸಿಡಿ ಅರ್ಜಿ ಎಲ್ಲವೂ ತಲೆಯಲ್ಲೇ ಇರಲಿ ಎಂದರೆ ಅದು ಯಾರ ತಲೆಗೂ ಅತಿಯಾದೀತು.

ತಲೆಯ ಮೇಲಿನ ಈ ಭಾರ ಅಳತೆಗೆ ಸಿಗದ ಸಂಗತಿಯೇನಲ್ಲ. ಅರ್ಧಕ್ಕೆ ನಿಂತ ಕೆಲಸ ಮನಸ್ಸಿನಲ್ಲಿ ಹೆಚ್ಚು ಅಂಟಿಕೊಳ್ಳುತ್ತದೆ ಎಂದು ಬ್ಲೂಮಾ ಝೈಗಾರ್ನಿಕ್ ಬರ್ಲಿನ್ನಿನಲ್ಲಿ ನಡೆಸಿದ ಪ್ರಯೋಗಗಳಿಂದ 1927ರಲ್ಲಿ ಬರೆದರು. ಆ ಫಲಿತಾಂಶ ಆಮೇಲಿನ ಪ್ರಯೋಗಗಳಲ್ಲಿ ಎಲ್ಲ ಕಡೆ ನಿಲ್ಲಲಿಲ್ಲವಾದ್ದರಿಂದ ಅದನ್ನೇ ನೆಚ್ಚಿ ವಾದ ಕಟ್ಟುವುದು ಬೇಡ. ಅದಕ್ಕಿಂತ ಉಪಯೋಗಕ್ಕೆ ಬರುವುದು 2011ರಲ್ಲಿ ಮ್ಯಾಸಿಕ್ಯಾಂಪೊ ಮತ್ತು ಬೌಮೈಸ್ಟರ್ ಪ್ರಕಟಿಸಿದ ಅಧ್ಯಯನ. ಬಾಕಿ ಕೆಲಸದ ಯೋಚನೆ ಓದಿನ ನಡುವೆ ನುಗ್ಗಿ ಕಾಡುತ್ತದೆ, ಆದರೆ ಆ ಕೆಲಸವನ್ನು ಯಾವಾಗ, ಹೇಗೆ ಮಾಡುವುದೆಂದು ಖಚಿತವಾಗಿ ಬರೆದಿಟ್ಟವರಿಗೆ ಕೆಲಸ ಮುಗಿಯದೆಯೂ ಆ ಕಾಟ ಕಡಿಮೆಯಾಯಿತು ಎಂದು ಅವರು ತೋರಿಸಿದರು. 'ಯಾವಾಗ' ಎಂಬುದರ ಬಲ ಎಷ್ಟೆಂಬುದಕ್ಕೆ ಅದೇ ವರ್ಷದ ಇನ್ನೊಂದು ಪುರಾವೆ ಇದೆ. ಅಮೆರಿಕದ ಒಂದು ಕಂಪನಿಯ ನೌಕರರಿಗೆ ಫ್ಲೂ ಲಸಿಕೆಯ ಶಿಬಿರದ ವಿವರ ಕಳಿಸುವಾಗ, ನೀವು ಬರುವ ದಿನ ಮತ್ತು ಸಮಯ ಇಲ್ಲಿ ಬರೆದುಕೊಳ್ಳಿ ಎಂದು ಕೆಲವರಿಗೆ ಮಾತ್ರ ಖಾಲಿ ಜಾಗ ಬಿಟ್ಟಿದ್ದರು. ಅವರಲ್ಲಿ ಲಸಿಕೆ ಹಾಕಿಸಿಕೊಂಡವರ ಪ್ರಮಾಣ ಉಳಿದವರಿಗಿಂತ ಶೇಕಡಾ ನಾಲ್ಕು ಅಂಶದಷ್ಟು ಹೆಚ್ಚಿತ್ತು. ದೊಡ್ಡ ಪವಾಡವಲ್ಲ. ಖರ್ಚು ಎರಡು ಖಾಲಿ ಗೆರೆ ಎಂಬುದನ್ನು ನೆನೆದರೆ ಸಣ್ಣದೂ ಅಲ್ಲ. ಎದುರು ಸಾಕ್ಷ್ಯವನ್ನೂ ಹೇಳಬೇಕು. ಶಸ್ತ್ರಚಿಕಿತ್ಸೆಗೆ ಮುನ್ನ ಓದಿ ಖಚಿತಪಡಿಸಿಕೊಳ್ಳುವ ವಿಶ್ವ ಆರೋಗ್ಯ ಸಂಸ್ಥೆಯ ಪಟ್ಟಿಯನ್ನು ದೆಹಲಿಯದೂ ಸೇರಿ 8 ಆಸ್ಪತ್ರೆಗಳಲ್ಲಿ ಬಳಸಿದಾಗ ಸಾವಿನ ಪ್ರಮಾಣ ಶೇ 1.5ರಿಂದ 0.8ಕ್ಕೆ ಇಳಿಯಿತೆಂದು 2009ರಲ್ಲಿ ವರದಿಯಾಯಿತು. ಕೆನಡಾದ ಒಂಟಾರಿಯೊದಲ್ಲಿ ಅದೇ ಬಗೆಯ ಪಟ್ಟಿಯನ್ನು 101 ಆಸ್ಪತ್ರೆಗಳಲ್ಲಿ ಜಾರಿಗೆ ತಂದಾಗ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ ಎಂದು 2014ರ ಅಧ್ಯಯನ ಹೇಳಿತು. ಹಾಳೆ ತಾನಾಗಿ ಏನನ್ನೂ ಮಾಡಿಕೊಡುವುದಿಲ್ಲ ಎಂಬುದಕ್ಕೆ ಇದಕ್ಕಿಂತ ಹೆಚ್ಚಿನ ಪುರಾವೆ ಬೇಡ. ಜೂನಿಯರ್ ಸಂಜೆ ಕೂತು ಸಾಲು ಏರಿಸದಿದ್ದರೆ ವಕೀಲರ ಡೈರಿಯೂ ಬರೀ ರಟ್ಟು.

ಈ ಭಾರ ಎಲ್ಲರ ಮೇಲೂ ಒಂದೇ ಸಮನಾಗಿ ಬೀಳುವುದಿಲ್ಲ. ತಮಿಳುನಾಡಿನ 464 ಕಬ್ಬು ಬೆಳೆಗಾರರನ್ನು ಕಟಾವಿಗೆ ಮೊದಲು ಕೈ ಖಾಲಿ ಇದ್ದಾಗ ಒಮ್ಮೆ, ಕಟಾವಿನ ನಂತರ ಹಣ ಬಂದಾಗ ಒಮ್ಮೆ ಪರೀಕ್ಷಿಸಿದ ಅಧ್ಯಯನ 2013ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಬಂತು. ಅದೇ ರೈತರು ಹಣದ ತಾಪತ್ರಯವಿದ್ದಾಗ ತರ್ಕ ಮತ್ತು ಗಮನದ ಪರೀಕ್ಷೆಗಳಲ್ಲಿ ಹಿಂದೆ ಬಿದ್ದಿದ್ದರು. ಲೆಕ್ಕಾಚಾರದ ವಿಧಾನದ ಬಗ್ಗೆ ತಕರಾರು ಎತ್ತಿದವರಿದ್ದಾರೆ. ಆದರೆ ಅದು ಸೂಚಿಸುವ ದಿಕ್ಕು ತೊಗರಿ ಬೆಳೆಯುವವರಿಗೂ ಅಪರಿಚಿತವಲ್ಲ. ಅಕ್ಟೋಬರ್, ನವೆಂಬರ್ ಹೊತ್ತಿಗೆ ಕೈ ಬರಿದಾಗಿರುತ್ತದೆ, ರಾಶಿಗೆ ಇನ್ನೂ ಎರಡು ತಿಂಗಳಿರುತ್ತದೆ, ಮಕ್ಕಳ ಫೀ, ಔಷಧಿ, ಕೂಲಿ ಎಲ್ಲವೂ ಒಟ್ಟಿಗೆ ಕೂಗುತ್ತವೆ. ತಾರೀಖುಗಳು ತಪ್ಪುವುದು ಆ ತಿಂಗಳುಗಳಲ್ಲೇ. ಉಳ್ಳವರ ಕಾಗದಪತ್ರ ನೋಡಿಕೊಳ್ಳಲು ಅಕೌಂಟೆಂಟ್ ಇರುತ್ತಾರೆ, ಏಜೆಂಟ್ ಇರುತ್ತಾರೆ. ಇಲ್ಲದವರ ಅಕೌಂಟೆಂಟ್ ಅವರ ದಣಿದ ತಲೆಯೇ. ಇಂಥವರಿಗೆ ಪಟ್ಟಿ ಯಾಕೆ ಎಂದು ಕೇಳುವವರು ಭಾರ ಹೊತ್ತವನಿಗೆ ಸಿಂಬಿ ಯಾಕೆ ಎಂದು ಕೇಳಿದ ಹಾಗಾಗುತ್ತದೆ.

ಎಲ್ಲಕ್ಕಿಂತ ಗಟ್ಟಿಯಾದ ಆಕ್ಷೇಪ ಬೇರೊಂದಿದೆ. ಕಚೇರಿಗಳು ಹೇಳಿದ ದಿನಕ್ಕೆ ಕೆಲಸ ಮಾಡಿದರೆ ಜನ ಬಾಕಿ ಪಟ್ಟಿ ಇಟ್ಟುಕೊಂಡು ಅಲೆಯುವುದೇಕೆ? ವ್ಯವಸ್ಥೆಯ ತಪ್ಪಿಗೆ ಬಡವರಿಗೆ ಡೈರಿ ಕೊಡಿಸುವುದು ಯಾವ ನ್ಯಾಯ? ಈ ಮಾತನ್ನು ನಾನು ಒಪ್ಪುತ್ತೇನೆ, ಆದರೆ ಅದರಿಂದ ಪಟ್ಟಿ ಬೇಡವೆಂಬ ತೀರ್ಮಾನಕ್ಕೆ ಬರಲಾರೆ. ಕರ್ನಾಟಕದಲ್ಲಿ ನಾಗರಿಕ ಸೇವೆಗಳ ಖಾತರಿ ಕಾಯ್ದೆ ಬಂದದ್ದು 2011ರಲ್ಲಿ. 'ಸಕಾಲ' ಎಂಬ ಹೆಸರಿನಲ್ಲಿ ಅದನ್ನು 2012ರ ಮಾರ್ಚ್‌ನಲ್ಲಿ ಮೊದಲು ಪ್ರಯೋಗಿಸಿದ ನಾಲ್ಕು ತಾಲ್ಲೂಕುಗಳಲ್ಲಿ ಒಂದು ನಮ್ಮ ನೆರೆಯ ಬೀದರ್ ಜಿಲ್ಲೆಯ ಔರಾದ್. ಏಪ್ರಿಲ್ 2ರಿಂದ ಅದು ರಾಜ್ಯಕ್ಕೆಲ್ಲ ಬಂತು. ಅರ್ಜಿ ಕೊಟ್ಟಾಗ 15 ಅಂಕಿಗಳ ಒಂದು ಸಂಖ್ಯೆ ಸಿಗುತ್ತದೆ, ಪ್ರತಿ ಸೇವೆಗೂ ದಿನಗಳ ಗಡುವಿದೆ, ತಡವಾದರೆ ಮೇಲ್ಮನವಿ ಸಲ್ಲಿಸಬಹುದು, ದಿನಕ್ಕೆ 20 ರೂಪಾಯಿಯಂತೆ ಗರಿಷ್ಠ 500 ರೂಪಾಯಿ ಪರಿಹಾರ ಕೇಳಬಹುದು. ಹಕ್ಕು ಕಾಗದದಲ್ಲಿ ಪಕ್ಕಾ ಇದೆ. ಅದನ್ನು ಚಲಾಯಿಸಬೇಕಾದರೆ ಆ ಸಂಖ್ಯೆ ಇರುವ ಚೀಟಿ ಬೇಕು, ಗಡುವು ಯಾವತ್ತು ಮುಗಿಯಿತೆಂದು ಗೊತ್ತಿರಬೇಕು. 'ಮೂರ್ನಾಲ್ಕು ಸಲ ಬಂದೀನ್ರಿ ಸಾಹೇಬ್ರ, ನಾಳಿ ಬಾ ಅಂತಾರ' ಎನ್ನುವ ದೂರನ್ನು ಯಾವ ಅಧಿಕಾರಿಯಾದರೂ ಸಲೀಸಾಗಿ ಪಕ್ಕಕ್ಕೆ ಸರಿಸಬಲ್ಲರು. 4ನೇ ತಾರೀಖು ಬಂದೆ, ಇಂಥ ಟೇಬಲ್ಲಿನವರು 11ಕ್ಕೆ ಬರಲು ಹೇಳಿದರು, 11ಕ್ಕೆ ಬಂದಾಗ ಸರ್ವರ್ ಇಲ್ಲವೆಂದರು, ಗಡುವು 19ಕ್ಕೆ ಮುಗಿಯಿತು ಎಂದು ನೋಟ್‌ಬುಕ್ ತೆರೆದು ತೋರಿಸಿದವರನ್ನು ಸರಿಸುವುದು ಕಷ್ಟ. ಸ್ವಂತ ಅನುಕೂಲಕ್ಕೆ ಬರೆದಿಟ್ಟ ಸಾಲು ಇಲ್ಲಿ ದಾಖಲೆಯಾಗುತ್ತದೆ. ಕಚೇರಿ ಸುಧಾರಿಸಬೇಕೆಂಬ ಒತ್ತಾಯಕ್ಕೂ ನಾಗರಿಕರ ಪಟ್ಟಿಗೂ ಜಗಳವಿಲ್ಲ. ಎರಡನೆಯದಿಲ್ಲದೆ ಮೊದಲನೆಯದಕ್ಕೆ ಹಲ್ಲಿರುವುದಿಲ್ಲ.

ಇನ್ನೊಂದು ಸಂಶಯ ಮೌಲ್ಯದ ಬಗೆಗಿನದು. ಪಟ್ಟಿ, ಗುರಿ, ಉತ್ಪಾದಕತೆ ಎಂದು ಶುರುವಾದರೆ ಮನುಷ್ಯ ಯಂತ್ರವಾಗುತ್ತಾನೆ, ಇನ್ನೂ ಹೆಚ್ಚು ದುಡಿಸಿಕೊಳ್ಳುವ ಉಪಾಯವಿದು ಎಂಬ ಟೀಕೆ. ಅಂಥ ಉಪದೇಶಕ್ಕೆ ಕಾಯಕದ ಹೆಸರು ಹಚ್ಚಿ ವೇದಿಕೆಯ ಮೇಲೆ ಮಾತಾಡುವವರೂ ಇದ್ದಾರೆ. ಅವರು ಆಯ್ದಕ್ಕಿ ಮಾರಯ್ಯನ ಕಥೆಯನ್ನು ಅರ್ಧಕ್ಕೇ ಬಿಡುತ್ತಾರೆ. ದಿನಕ್ಕೆ ಬೇಕಾದದ್ದಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದ ಗಂಡನಿಗೆ, ಹೆಚ್ಚಿನದನ್ನು ತಂದಲ್ಲೇ ಸುರಿದು ಬಾ ಎಂದವಳು ಲಕ್ಕಮ್ಮ. ಆ ಪರಂಪರೆಯಲ್ಲಿ ಸಾಕು ಎಂಬುದೂ ಕಾಯಕದ ಭಾಗ. ನಾನು ಹೇಳುತ್ತಿರುವ ಬಾಕಿ ಪಟ್ಟಿಯೂ ಹೆಚ್ಚು ಮಾಡುವುದಕ್ಕಲ್ಲ. ಒಂದೇ ಕೆಲಸಕ್ಕೆ ಮೂರು ಸಲ ಓಡಾಡುವುದನ್ನು ತಪ್ಪಿಸುವುದಕ್ಕೆ. ಹೆಚ್ಚು ಮಾಡುತ್ತೇವೆಂದು ಕೂತರೂ ಆಗದು, ಏಕೆಂದರೆ ಎಷ್ಟು ದಿನ ಹಿಡಿಯುತ್ತದೆಂಬ ನಮ್ಮ ಅಂದಾಜು ಸಾಮಾನ್ಯವಾಗಿ ತಪ್ಪಿರುತ್ತದೆ. ಕೆನಡಾದ ವಿದ್ಯಾರ್ಥಿಗಳು ತಮ್ಮ ಪ್ರಬಂಧ ಸರಾಸರಿ 34 ದಿನದಲ್ಲಿ ಮುಗಿಯುತ್ತದೆಂದು ಹೇಳಿ 55 ದಿನಕ್ಕೂ ಮೇಲೆ ತೆಗೆದುಕೊಂಡರು ಎಂದು 1994ರ ಒಂದು ಅಧ್ಯಯನ ದಾಖಲಿಸಿದೆ. ಅದು ಅವರದೇ ಕೈಯಲ್ಲಿದ್ದ ಕೆಲಸ. ಬೇರೆಯವರ ಕೈಯಲ್ಲಿರುವ ಕೆಲಸಕ್ಕೆ ಇನ್ನೆಷ್ಟು ಬಿಡುವಿಟ್ಟುಕೊಳ್ಳಬೇಕೋ ಓದುಗರೇ ಲೆಕ್ಕ ಹಾಕಲಿ.

ಕಾಗದವೋ ಮೊಬೈಲೋ ಎಂಬ ಚರ್ಚೆಯನ್ನು ನಾನು ದೊಡ್ಡದು ಮಾಡಲಾರೆ. ಬೇಸಿಗೆಯಲ್ಲಿ ಕರೆಂಟ್ ಕೈಕೊಟ್ಟು ಚಾರ್ಜ್ ಇಲ್ಲದ ಹೊತ್ತಿನಲ್ಲೂ ನಡೆಯುವುದು ಕಾಗದ, ತಾರೀಖಿನ ದಿನ ಕೂಗಿ ಎಬ್ಬಿಸುವುದು ಮೊಬೈಲ್. ಅರ್ಜಿಯ ಚೀಟಿಯ ಫೋಟೊ ತೆಗೆದಿಡಲೂ ಅದೇ ಬೇಕು. ಕೆಟ್ಟದ್ದೆಂದರೆ ವಾಟ್ಸ್‌ಆ್ಯಪ್ ಅನ್ನೇ ಡೈರಿ ಮಾಡಿಕೊಳ್ಳುವುದು. ಶುಭೋದಯದ ಹೂಗಳು, ಚುನಾವಣೆ ಜಗಳ, ಮದುವೆ ಪತ್ರಿಕೆಗಳ ನಡುವೆ ಕೃಷಿ ಇಲಾಖೆಯ ಒಂದು ಸೂಚನೆ ಬಂದು ಸಂಜೆಯೊಳಗೆ ಮೇಲಕ್ಕೆ ಸರಿದುಹೋಗಿರುತ್ತದೆ. ನಿಜವಾದ ತೊಡಕು ಅಕ್ಷರದ್ದು. 2011ರ ಜನಗಣತಿಯಲ್ಲಿ ಜಿಲ್ಲೆಯ ಸಾಕ್ಷರತೆ ಸುಮಾರು ಶೇ 65, ರಾಜ್ಯದ್ದು ಶೇ 75. ಬರೆಯಲು ಬಾರದವರಿಗೆ ಪಟ್ಟಿಯ ಮಾತು ಹೇಗೆ ಹೇಳುವುದು? ಅವರ ಮನೆಯ ಗೋಡೆ ನೋಡಿದರೆ ಉತ್ತರವಿದೆ. ಅಲ್ಲಿ ತೂಗುವ ಕ್ಯಾಲೆಂಡರಿನ ಚೌಕಗಳಲ್ಲಿ ಹಾಲು ಬಾರದ ದಿನಕ್ಕೆ ಇಂಟು ಗುರುತಿದೆ, ಸಿಲಿಂಡರ್ ಹಚ್ಚಿದ ದಿನಕ್ಕೆ ಸುತ್ತು ಹಾಕಿದೆ, ಸಂಘದ ಕಂತಿನ ದಿನಕ್ಕೆ ಒಂದು ಗೆರೆ ಎಳೆದಿದೆ, ತಿಂಗಳ ಹಾಳೆಯ ತಲೆಯ ಮೊಳೆಗೆ ಕರೆಂಟ್ ಬಿಲ್ಲು ಚುಚ್ಚಿದೆ. ಇದನ್ನು ನಡೆಸುವವರು ಹೆಚ್ಚಾಗಿ ಮನೆಯ ಹೆಣ್ಣುಮಕ್ಕಳು, ಅದರಲ್ಲಿ ಶಾಲೆಯ ಮೆಟ್ಟಿಲು ಹತ್ತದವರೂ ಇದ್ದಾರೆ. ಅದೇ ಗೋಡೆಗೆ ವಿಮೆಯ ಕೊನೆಯ ದಿನ, ಸಾಲದ ಗಡುವು, ಆಸ್ಪತ್ರೆಯವರು ಮತ್ತೆ ಬರಲು ಹೇಳಿದ ದಿನ ಸೇರಿದರೆ ಸಾಕು. 'ಏನವ್ವಾ, ಆ ಕಾಗದ ಯಾರ ಹತ್ರ ಐತಿ' ಎಂದು ಕೇಳಿ ಬರೆಯಲು ಶಾಲೆಗೆ ಹೋಗುವ ಮಕ್ಕಳಿದ್ದಾರೆ.

ಕಲಬುರಗಿಗೆ ಹೊರಡುವ ಹಿಂದಿನ ರಾತ್ರಿ ಆ ಗೋಡೆಯಿಂದ ಒಂದು ಚೀಟಿಗೆ ಇಳಿಸಿಕೊಳ್ಳುವುದು ಉಳಿದ ಕೆಲಸ. ಎಲ್ಲೆಲ್ಲಿ ಹೋಗಬೇಕು, ಯಾವ ಕಚೇರಿ ಮೊದಲು ಮುಚ್ಚುತ್ತದೆ, ಯಾವ ಕಾಗದದ ಎಷ್ಟು ಪ್ರತಿ, ಫೋಟೊ ಬೇಕೇ, ಆಧಾರ್‌ಗೆ ಜೋಡಿಸಿದ ಮೊಬೈಲ್ ಯಾರ ಕೈಯಲ್ಲಿದೆ. ಈ ಕೊನೆಯದನ್ನು ಎಷ್ಟೋ ಮಂದಿ ಮರೆಯುತ್ತಾರೆ. ಒಟಿಪಿ ಹೋಗುವುದು ಬೆಂಗಳೂರಿನಲ್ಲೋ ಪುಣೆಯಲ್ಲೋ ದುಡಿಯುವ ಮಗನ ಫೋನಿಗೆ, ಆತ ಆ ಹೊತ್ತಿಗೆ ಕೆಲಸದಲ್ಲಿರುತ್ತಾನೆ. ಪಟ್ಟಿ ಬೆಳೆಯುತ್ತ ಹೋಗಿ ನೋಡಲೂ ಬೇಜಾರಾಗುವ ದಿನ ಬಂದೇ ಬರುತ್ತದೆ. ಆಗ ತಪ್ಪು ಪಟ್ಟಿಯದಲ್ಲ, ಅದರಿಂದ ಏನನ್ನೂ ತೆಗೆಯದಿರುವವರದ್ದು. ವಾರಕ್ಕೊಮ್ಮೆ ಕೂತು, ಇನ್ನು ಆಗುವುದಿಲ್ಲ ಅನ್ನುವುದನ್ನು ಹೊಡೆದುಹಾಕಬೇಕು. ಆಗಿಹೋದ ಅನುದಾನ, ತಪ್ಪಿಹೋದ ಅರ್ಜಿ ಎಲ್ಲವನ್ನೂ ಹೊತ್ತುಕೊಂಡು ತಿರುಗುವ ಪಟ್ಟಿ ಬೇಗ ಸಾಯುತ್ತದೆ.

ಕಚೇರಿಗಳ ಕಡೆಯಿಂದಲೂ ಆಗಬಹುದಾದ ಒಂದು ಕೆಲಸವಿದೆ, ಅದಕ್ಕೆ ಹೊಸ ಸಾಫ್ಟ್‌ವೇರ್ ಬೇಕಿಲ್ಲ. ಕಮಲಾಪುರದಂಥ ಹೊಸ ತಾಲ್ಲೂಕಿನಲ್ಲಿ ಪದ್ಧತಿಗಳು ಇನ್ನೂ ಕಲ್ಲಾಗಿಲ್ಲವಾದ್ದರಿಂದ ಅಲ್ಲಿಂದಲೇ ಶುರುಮಾಡಬಹುದು. ಅರ್ಜಿ ತೆಗೆದುಕೊಂಡು ಕೊಡುವ ಪ್ರತಿ ಚೀಟಿಯ ಮೇಲೆ, ಹಿಂದೆ ಕಳಿಸುವ ಪ್ರತಿ ಅರ್ಜಿಯ ಮೇಲೆ ಒಂದು ರಬ್ಬರ್ ಸ್ಟಾಂಪ್: ಈ ಕಾಗದ ಈಗ ಯಾವ ಟೇಬಲ್ಲಿನಲ್ಲಿದೆ, ಅರ್ಜಿದಾರರು ತರಬೇಕಾದದ್ದು ಏನು, ಮತ್ತೆ ಕೇಳಬೇಕಾದ ತಾರೀಖು ಯಾವುದು. ಮೂರು ಖಾಲಿ ಗೆರೆ, ಪೆನ್ನಿನಿಂದ ತುಂಬಿದರೆ ಆಯಿತು. 'ನಮ್ಮದೇನಾಯ್ತ್ರಿ' ಎಂದು ದಿನವೂ ಕಿಟಕಿಗೆ ಬರುವವರು ಕಡಿಮೆಯಾದರೆ ಸಿಬ್ಬಂದಿಗೂ ಒಂದಿಷ್ಟು ಹೊತ್ತು ಉಳಿಯುತ್ತದೆ. ತಾರೀಖು ಬರೆದುಕೊಟ್ಟರೆ ಜನ ಅದನ್ನೇ ಹಿಡಿದು ಕೂರುತ್ತಾರಲ್ಲ ಎಂದು ಒಳಗಿನವರು ಹಿಂಜರಿಯಬಹುದು. ಹಿಡಿದು ಕೂರಲಿ, 2011ರ ಕಾಯ್ದೆ ಅವರಿಗೆ ಕೊಟ್ಟಿರುವುದು ಅದನ್ನೇ.